ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ

"ಅದು ಬರೀ ಲೋಗೋ ಕಣ್ರೀ. ಅದನ್ನ ನೋಡಿ ಯಾರೇನು ಮಾಡ್ತಾರೆ? ಅದಕ್ಕೂ ಎಚ್‌ಟಿಟಿಪಿಎಸ್ ಯಾಕೆ?"

ಬೆಂಗಳೂರಿನ ಮೀಟಿಂಗ್ ರೂಮುಗಳಲ್ಲಿ ಈ ಮಾತನ್ನ ಎಷ್ಟು ಸಲ ಕೇಳಿದ್ದೀನೋ ಲೆಕ್ಕವಿಲ್ಲ. ಟೇಬಲ್ಲಿನ ಆ ಕಡೆ ಕೂತವರು ಹೇಳೋದು ಇನ್ನೊಂದು: "ಸೆಕ್ಯೂರಿಟಿ ಮುಖ್ಯ ಸರ್. ಬ್ರೌಸರಲ್ಲಿ ಏನೂ ಉಳೀಬಾರ್ದು. ಎಲ್ಲಕ್ಕೂ ನೋ-ಸ್ಟೋರ್ ಹಾಕಿಬಿಡಿ." ಆಮೇಲೆ ನಡುವೆ ಕೂತ ಮ್ಯಾನೇಜರ್ ಗಂಟಲು ಸರಿ ಮಾಡ್ಕೊಂಡು "ಎರಡರ ನಡುವೆ ಒಂದು ಬ್ಯಾಲೆನ್ಸ್ ನೋಡೋಣ" ಅಂತಾರೆ. ಎಲ್ಲರೂ ತಲೆಯಾಡಿಸ್ತಾರೆ. ಮೀಟಿಂಗ್ ಮುಗಿಯುತ್ತೆ. ಸೈಟು ನಿಧಾನವಾಗೇ ಇರುತ್ತೆ.

ನನ್ನ ತಕರಾರು ಈ ಮೂವರ ಜೊತೆಗೂ ಇದೆ. ಜಾಸ್ತಿ ಇರೋದು ಬ್ಯಾಲೆನ್ಸ್ ಅಂದವರ ಜೊತೆ. ತಕ್ಕಡಿ ಬೇಕಾಗೋದು ಒಂದು ಏರಿದರೆ ಇನ್ನೊಂದು ಇಳಿಯೋ ಸಾಮಾನಿಗೆ. ಇಲ್ಲಿ ಹಾಗೇನೂ ಇಲ್ಲ. ಒಂದು ಫೈಲನ್ನ ಹೆಚ್ಚು ದಿನ ಇಟ್ಕೋಬೇಕು ಅಂತಿದ್ರೆ, ಅದು ಬರೋ ದಾರಿ ಅಷ್ಟೇ ಭದ್ರವಾಗಿರಬೇಕು. ಎರಡೂ ಒಂದೇ ತಟ್ಟೆಯಲ್ಲಿರೋವು. ಈ ಸರಳ ಸಂಗತಿ ಗೊತ್ತಿಲ್ಲದೆ ನಾವು ವರ್ಷಗಟ್ಟಲೆ ಜನರ ಡೇಟಾ ಪ್ಯಾಕು ಸುಟ್ಟಿದ್ದೀವಿ.

ಐಟಿಯವರಲ್ಲದ ಓದುಗರಿಗೆ ಎರಡು ಮಾತು. ಕ್ಯಾಶ್ ಅಂದ್ರೆ ಗಲ್ಲಾಪೆಟ್ಟಿಗೆಯ ಕ್ಯಾಶ್ ಅಲ್ಲ (ಕೊನೆಗೆ ಅದು ದುಡ್ಡಿಗೇ ಬಂದು ನಿಲ್ಲುತ್ತೆ, ಆ ಮಾತು ಆಮೇಲೆ). ನೀವು ಒಂದು ಸೈಟ್ ತೆರೆದಾಗ ಅದರ ಚಿತ್ರ, ಫಾಂಟು, ಸ್ಟೈಲು, ಜಾವಾಸ್ಕ್ರಿಪ್ಟ್ ಎಲ್ಲ ಇಳಿದು ಬರುತ್ತವಲ್ಲ, ಅವನ್ನ ಬ್ರೌಸರು ನಿಮ್ಮ ಫೋನಿನಲ್ಲೇ ಎತ್ತಿಡುತ್ತೆ. ಮತ್ತೆ ಅದೇ ಸೈಟಿಗೆ ಹೋದಾಗ ಅಂಗಡಿಗೆ ಓಡದೆ ಅಡುಗೆಮನೆಯ ಡಬ್ಬಿಯಿಂದಲೇ ಸಾಸಿವೆ ತೆಗೆದ ಹಾಗೆ. ಎಚ್‌ಟಿಟಿಪಿಎಸ್ ಅನ್ನೋದು ಅಂಗಡಿಯಿಂದ ಮನೆಯವರೆಗಿನ ದಾರಿಯಲ್ಲಿ ಪೊಟ್ಟಣಕ್ಕೆ ಹಾಕೋ ಸೀಲು. ದಾರಿಯಲ್ಲಿ ಯಾರೂ ಇಣುಕಬಾರದು, ಏನೂ ಬೆರೆಸಬಾರದು, ಅಷ್ಟೇ. ಮನೆಗೆ ಬಂದ ಮೇಲೆ ಸೀಲು ಒಡೆದು ಡಬ್ಬಿಗೆ ಸುರಿಯೋದು ಬ್ರೌಸರಿನ ಕೆಲಸ. ಡಬ್ಬಿಯಲ್ಲಿ ಎಷ್ಟು ದಿನ ಇಡಬೇಕು ಅನ್ನೋದನ್ನ ಹೇಳೋದು ಕ್ಯಾಶ್-ಕಂಟ್ರೋಲ್ ಅನ್ನೋ ಇನ್ನೊಂದು ಚೀಟಿ. ಸೀಲಿಗೂ ಆ ಚೀಟಿಗೂ ಸಂಬಂಧವಿಲ್ಲ.

ಹಾಗಾದ್ರೆ "ಎಚ್‌ಟಿಟಿಪಿಎಸ್ ಹಾಕಿದ್ರೆ ಕ್ಯಾಶ್ ಆಗಲ್ಲ" ಅನ್ನೋ ನಂಬಿಕೆ ಎಲ್ಲಿಂದ ಬಂತು? ಅದಕ್ಕೊಂದು ಕಾಲದಲ್ಲಿ ಆಧಾರವಿತ್ತು. 2011ರಲ್ಲಿ ಫೈರ್‌ಫಾಕ್ಸ್ 4 ಬರೋವರೆಗೆ, ಎಚ್‌ಟಿಟಿಪಿಎಸ್ ಮೂಲಕ ಬಂದ ಫೈಲನ್ನ ಸರ್ವರು 'ಪಬ್ಲಿಕ್' ಅಂತ ಸ್ಪಷ್ಟವಾಗಿ ಹೇಳದಿದ್ದರೆ ಫೈರ್‌ಫಾಕ್ಸ್ ಡಿಸ್ಕಿನಲ್ಲಿ ಇಟ್ಟುಕೊಳ್ತಿರಲಿಲ್ಲ. ಎನ್‌ಕ್ರಿಪ್ಷನ್ನಿಗೆ ಸರ್ವರಿನ ಶಕ್ತಿ ಜಾಸ್ತಿ ಬೇಕು ಅನ್ನೋ ಭಯವೂ ಇತ್ತು. ಆ ಭಯಕ್ಕೆ 2010ರಲ್ಲೇ ಉತ್ತರ ಸಿಕ್ಕಿತ್ತು. ಆ ಜನವರಿಯಲ್ಲಿ ಜಿಮೇಲ್ ಎಲ್ಲರಿಗೂ ಎಚ್‌ಟಿಟಿಪಿಎಸ್ ಮಾಡಿತು. ಅದಕ್ಕಾಗಿ ಹೊಸ ಯಂತ್ರ ಕೊಳ್ಳಬೇಕಾಗಲಿಲ್ಲ, ಸಿಪಿಯು ಹೊರೆಯಲ್ಲಿ ಎನ್‌ಕ್ರಿಪ್ಷನ್ನಿನ ಪಾಲು ಶೇ. 1ಕ್ಕಿಂತ ಕಡಿಮೆ ಅಂತ ಗೂಗಲ್‌ನ ಆಡಮ್ ಲ್ಯಾಂಗ್ಲಿ ಬರೆದರು. ಆಗ ಪಿಯುಸಿ ಓದ್ತಿದ್ದವರು ಈಗ ಟೀಮ್ ಲೀಡ್ ಆಗಿದ್ದಾರೆ. ಕಾರಣ ಸತ್ತು ಎಷ್ಟೋ ವರ್ಷವಾದರೂ ಅದರ ಶ್ರಾದ್ಧ ಮಾತ್ರ ಪ್ರತಿ ಪ್ರಾಜೆಕ್ಟಿನಲ್ಲೂ ನಡೀತಾ ಇದೆ.

ಈಗ "ಬರೀ ಲೋಗೋ, ಬರೀ ಜಾವಾಸ್ಕ್ರಿಪ್ಟು, ಅದರಲ್ಲೇನು ಗುಟ್ಟಿದೆ" ಅನ್ನೋರ ಕಡೆ ಬರೋಣ. ಗುಟ್ಟಿಲ್ಲ, ಒಪ್ಪಿದೆ. ಆದ್ರೆ ಸೀಲು ಇರೋದು ಗುಟ್ಟಿಗೆ ಮಾತ್ರ ಅಂತ ಯಾರು ಹೇಳಿದ್ದು? ಹಾಲಿನಲ್ಲಿ ಗುಟ್ಟೇನಿದೆ? ವರ್ತನೆಯವನು ನೀರು ಬೆರೆಸಬಾರದು ಅನ್ನೋದೇ ನಮ್ಮ ಚಿಂತೆ.

2015ರ ಮಾರ್ಚಿನಲ್ಲಿ ಗಿಟ್‌ಹಬ್ ಮೇಲೆ ಒಂದು ದೊಡ್ಡ ದಾಳಿ ಆಯಿತು. ಹಲವಾರು ದಿನ ನಡೀತು. ದಾಳಿ ಮಾಡಿದ ಕಂಪ್ಯೂಟರುಗಳು ಏನೂ ಅರಿಯದ ಸಾಮಾನ್ಯ ಜನರವು. ಅವರು ಮಾಡಿದ್ದಿಷ್ಟೇ: ಚೀನಾದ ಬೈದು ಕಂಪನಿಯ ಒಂದು ಸಣ್ಣ ಸ್ಕ್ರಿಪ್ಟ್ ಇದ್ದ ಯಾವುದೋ ಪುಟ ತೆರೆದಿದ್ದರು. ಎಷ್ಟು ಜನ ಬಂದರು ಅಂತ ಎಣಿಸೋ ಥರದ, ಯಾರೂ ಗಮನಿಸದ ಸ್ಕ್ರಿಪ್ಟು ಅದು. ಎಚ್‌ಟಿಟಿಪಿಎಸ್ ಇಲ್ಲದೆ ಬರ್ತಿತ್ತು. ಚೀನಾದ ಗಡಿ ದಾಟುವಾಗ ದಾರಿಯಲ್ಲಿದ್ದ ಒಂದು ವ್ಯವಸ್ಥೆ ಅದನ್ನ ತಡೆದು, ಅದರ ಜಾಗದಲ್ಲಿ ಗಿಟ್‌ಹಬ್ಬಿಗೆ ಮತ್ತೆ ಮತ್ತೆ ಬಡಿಯೋ ಸ್ಕ್ರಿಪ್ಟನ್ನ ಕಳಿಸ್ತಿತ್ತು. ಎಲ್ಲರಿಗೂ ಅಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಏಪ್ರಿಲ್ಲಿನಲ್ಲಿ ಇದಕ್ಕೆ 'ಗ್ರೇಟ್ ಕ್ಯಾನನ್' ಅಂತ ಹೆಸರಿಟ್ಟು ವಿವರಿಸಿತು. ನೂರಕ್ಕೆ ಎರಡಕ್ಕಿಂತ ಕಡಿಮೆ ಕೋರಿಕೆಗಳಿಗೆ ಮಾತ್ರ ಹೀಗೆ ಮಾಡಿದ್ದರು. ಅಷ್ಟೇ ಸಾಕಾಯಿತು.

ಚೀನಾ ದೂರ ಅಂತೀರಾ? ಅದೇ ವರ್ಷದ ಜೂನಿನಲ್ಲಿ ನಮ್ಮ ಬೆಂಗಳೂರಿನಲ್ಲೇ ಒಬ್ಬ ಪ್ರೋಗ್ರಾಮರ್ ಏರ್‌ಟೆಲ್ 3ಜಿಯಲ್ಲಿ ತಮ್ಮದೇ ಸೈಟನ್ನ ತೆರೆದು ಸೋರ್ಸ್ ನೋಡಿದರು. ಅವರು ಬರೆಯದ ಜಾವಾಸ್ಕ್ರಿಪ್ಟು ಅದರೊಳಗೆ ಬಂದು ಕೂತಿತ್ತು. ಆ ಕೋಡನ್ನ ಗಿಟ್‌ಹಬ್‌ನಲ್ಲಿ ಹಾಕಿ ಜನಕ್ಕೆ ತೋರಿಸಿದರು. ಬಂದ ಉತ್ತರ ಏನು ಗೊತ್ತಾ? ಆ ಸ್ಕ್ರಿಪ್ಟು ತಮ್ಮ ಸ್ವತ್ತು, ಅದನ್ನ ಪ್ರಕಟಿಸಿದ್ದು ಕಾಪಿರೈಟ್ ಉಲ್ಲಂಘನೆ ಅಂತ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಅನ್ನೋ ಕಂಪನಿಯಿಂದ ಲೀಗಲ್ ನೋಟಿಸು! ಗ್ರಾಹಕರಿಗೆ ಡೇಟಾ ಬಳಕೆ ತಿಳಿಸಲಿಕ್ಕೆ ಮಾಡಿದ ಪ್ರಯೋಗ ಅಂತ ಏರ್‌ಟೆಲ್ ಸಮಜಾಯಿಷಿ ಕೊಟ್ಟಿತು. ಉದ್ದೇಶ ಒಳ್ಳೆಯದೇ ಇರಲಿ ಸ್ವಾಮಿ. ನನ್ನ ಮನೆಗೆ ಬರೋ ಪೊಟ್ಟಣವನ್ನ ದಾರಿಯಲ್ಲಿ ಒಡೆದು ಒಳಗೊಂದು ಪಾಂಪ್ಲೆಟ್ ಇಡೋ ಅಧಿಕಾರ ಯಾರಿಗಿದೆ? ಎಚ್‌ಟಿಟಿಪಿಎಸ್ ಇದ್ದ ಪುಟಗಳೊಳಗೆ ಹೀಗೆ ಕೈ ಹಾಕೋಕೆ ಆಗ್ತಿರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಆ ಕ್ಷಣದ ಮೋಸ. ಪುಟ ಮುಚ್ಚಿದರೆ ಮುಗೀತು. ಕ್ಯಾಶ್ ಇದರ ಜೊತೆ ಸೇರಿದಾಗ ವಿಷಯ ಕೆಡೋದು ನೋಡಿ. ಸೀಲಿಲ್ಲದೆ ಬಂದ ಫೈಲನ್ನ ಕಾಫಿ ಶಾಪಿನ ವೈಫೈಯಲ್ಲಿ ಒಬ್ಬ ಬದಲಾಯಿಸಿದ ಅಂದ್ಕೊಳ್ಳಿ. ಅವನು ಫೈಲನ್ನ ಮಾತ್ರ ಬದಲಾಯಿಸಲ್ಲ, ಜೊತೆಗಿರೋ ಚೀಟಿಯನ್ನೂ ಬದಲಾಯಿಸ್ತಾನೆ: 'ಇದನ್ನ ಒಂದು ವರ್ಷ ಇಟ್ಕೋ, ಮತ್ತೆ ಸರ್ವರನ್ನ ಕೇಳೋಕೆ ಹೋಗ್ಬೇಡ.' ನೀವು ಕಾಫಿ ಕುಡಿದು, ಬಿಲ್ಲು ಕೊಟ್ಟು, ಮನೆಗೆ ಬಂದು, ನಿಮ್ಮ ಸ್ವಂತ ವೈಫೈ ಹಾಕ್ಕೊಂಡು ಅದೇ ಸೈಟ್ ತೆರೆದರೂ ಓಡೋದು ಅವನ ಸ್ಕ್ರಿಪ್ಟೇ. ಇದು ಕಲ್ಪನೆಯಲ್ಲ. 2016ರ ನವೆಂಬರಿನಲ್ಲಿ ಸ್ಯಾಮಿ ಕಮ್ಕಾರ್ ಅನ್ನೋ ಸಂಶೋಧಕ 'ಪಾಯ್ಸನ್‌ಟ್ಯಾಪ್' ಅಂತ ಒಂದು ಸಾಧನ ತೋರಿಸಿದ. 5 ಡಾಲರಿನ ರಾಸ್ಪ್‌ಬೆರಿ ಪೈ ಝೀರೋ. ಲಾಕ್ ಆಗಿರೋ ಲ್ಯಾಪ್‌ಟಾಪಿಗೆ ಯುಎಸ್‌ಬಿಯಲ್ಲಿ ಚುಚ್ಚಿದರೆ, ಒಳಗೆ ಬ್ರೌಸರು ತೆರೆದೇ ಇದ್ದರೆ, ಎಚ್‌ಟಿಟಿಪಿಯಲ್ಲಿ ಸಿಗೋ ಸೈಟುಗಳ ಹೆಸರಲ್ಲಿ ತನ್ನ ಕೋಡನ್ನ ಬ್ರೌಸರಿನ ಕ್ಯಾಶಿಗೆ ತುಂಬಿಬಿಡುತ್ತೆ. ಸಾಧನ ಕಿತ್ತುಕೊಂಡು ಹೋದ ಮೇಲೂ ಅದು ಅಲ್ಲೇ ಇರುತ್ತೆ.

ಉಪ್ಪಿನಕಾಯಿ ಹಾಕೋರ ಮನೆಯಲ್ಲಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಇವತ್ತು ಮಾಡಿ ಇವತ್ತೇ ಖಾಲಿ ಮಾಡೋ ಚಟ್ನಿಗೆ ಒದ್ದೆ ಚಮಚ ಹಾಕಿದರೆ ಯಾರೂ ಬೈಯಲ್ಲ. ವರ್ಷ ಬಾಳಬೇಕಾದ ಭರಣಿಗೆ ಹಾಕಿ ನೋಡಿ, ಅಜ್ಜಿ ಏನಂತಾರೆ ಅಂತ. "ಸ್ಟ್ಯಾಟಿಕ್ ಫೈಲು ತಾನೇ, ಎಚ್‌ಟಿಟಿಪಿಯಲ್ಲೇ ಇರಲಿ, ಚೆನ್ನಾಗಿ ಕ್ಯಾಶ್ ಮಾಡೋಣ" ಅನ್ನೋರು ಹೇಳ್ತಿರೋದು ಇದನ್ನೇ: ಭರಣಿ ತಾನೇ, ಯಾವ ಚಮಚ ಆದ್ರೇನು?

ಸರಿ, ಈಗ ಟೇಬಲ್ಲಿನ ಆ ಕಡೆಯವರು. ಇವರ ಮೇಲೆ ನನಗೆ ಕೋಪ ಜಾಸ್ತಿ. ಯಾಕಂದ್ರೆ ಇವರು ಒಳ್ಳೆಯ ಹೆಸರಲ್ಲಿ ಕೆಟ್ಟ ಕೆಲಸ ಮಾಡ್ತಾರೆ.

ನಡೆಯೋದು ಹೀಗೆ. ಸೈಟು ಸಿದ್ಧವಾಗುತ್ತೆ. ಸೆಕ್ಯೂರಿಟಿ ಆಡಿಟ್ ಆಗುತ್ತೆ. ಆಡಿಟ್ ಮಾಡೋ ಟೂಲು ನಲವತ್ತು ಪುಟದ ರಿಪೋರ್ಟ್ ಉಗುಳುತ್ತೆ. ಅದರಲ್ಲಿ ಎಲ್ಲೋ ಕೊನೆಗೆ 'ಕ್ಯಾಶೆಬಲ್ ಎಚ್‌ಟಿಟಿಪಿಎಸ್ ರೆಸ್ಪಾನ್ಸ್' ಅಂತ ಒಂದು ಸಾಲು. ಅದರ ತೀವ್ರತೆ ಬರೀ 'ಮಾಹಿತಿಗಾಗಿ'. ಅದರರ್ಥ, ಗುಟ್ಟಿನ ಪುಟವೇನಾದರೂ ಬ್ರೌಸರಿನಲ್ಲಿ ಉಳೀತಿದೆಯಾ ನೋಡಿಕೊಳ್ಳಿ ಅಂತ. ಆದ್ರೆ ರಿಪೋರ್ಟ್ ಎಕ್ಸೆಲ್ ಶೀಟಾಗಿ, ಶೀಟು ಜಿರಾ ಟಿಕೆಟ್ಟಾಗಿ, ಟಿಕೆಟ್ಟು ಶುಕ್ರವಾರ ಸಂಜೆ ಯಾರೋ ಒಬ್ಬರ ತಲೆಗೆ ಬಂದಾಗ, ಅವರು ಸರ್ವರಿನ ಕಾನ್ಫಿಗ್ ತೆರೆದು, ಇಡೀ ಸೈಟಿಗೆ ಒಂದೇ ಸಾಲು ಬರೀತಾರೆ: ನೋ-ಸ್ಟೋರ್. ಟಿಕೆಟ್ ಕ್ಲೋಸ್. ಎಲ್ಲರೂ ಮನೆಗೆ.

ಜಾವಾ ಟೀಮುಗಳಲ್ಲಿ ಇದಕ್ಕೆ ಟಿಕೆಟ್ಟೂ ಬೇಕಾಗಿಲ್ಲ. ಸ್ಪ್ರಿಂಗ್ ಸೆಕ್ಯೂರಿಟಿ ಬಳಸಿದರೆ ಅದು ತಾನಾಗೇ ನೋ-ಕ್ಯಾಶ್, ನೋ-ಸ್ಟೋರ್ ಎಲ್ಲ ಸೇರಿಸಿ ಕಳಿಸುತ್ತೆ. ಏನೂ ಗೊತ್ತಿಲ್ಲದಿದ್ದಾಗ ಅದು ಸರಿಯಾದ ಎಚ್ಚರಿಕೆಯೇ. ಚಿತ್ರಕ್ಕೆ, ಫಾಂಟಿಗೆ ನೀವು ನಿಮ್ಮದೇ ಹೆಡರ್ ಕೊಟ್ಟರೆ ಅದು ಪಕ್ಕಕ್ಕೆ ಸರಿದು ನಿಲ್ಲುತ್ತೆ. ಆದ್ರೆ ಕೊಡೋರು ಎಷ್ಟು ಜನ?

(ನಡುವೆ ಒಂದು ಮಾತು. 'ನೋ-ಕ್ಯಾಶ್' ಅಂದ್ರೆ ಕ್ಯಾಶ್ ಮಾಡಬೇಡ ಅಂತಲ್ಲ. ಇಟ್ಕೋ, ಆದ್ರೆ ಬಳಸೋ ಮುಂಚೆ ಪ್ರತಿ ಸಲ ನನ್ನನ್ನ ಕೇಳು ಅಂತ. ಇಟ್ಕೊಳ್ಳಲೇಬೇಡ ಅನ್ನೋಕೆ ಇರೋದು 'ನೋ-ಸ್ಟೋರ್'. ಈ ಹೆಸರಿಟ್ಟ ಪುಣ್ಯಾತ್ಮ ಯಾರೋ, ಅವರಿಂದ ಎಷ್ಟು ಇಂಟರ್‌ವ್ಯೂಗಳಲ್ಲಿ ಎಷ್ಟು ಜನ ಫೇಲಾಗಿದ್ದಾರೋ.)

ಇದರ ಬೆಲೆ ಯಾರು ಕೊಡ್ತಾರೆ ಅನ್ನೋದೇ ನನ್ನ ಜಗಳ. ನಾವು ಆಫೀಸಿನ ಫೈಬರ್ ಲೈನಿನಲ್ಲಿ ಕೂತು ಟೆಸ್ಟ್ ಮಾಡ್ತೀವಿ, ಕಣ್ಣು ಮಿಟುಕಿಸೋದರೊಳಗೆ ಪುಟ ಬರುತ್ತೆ. ಒಂದು ಕಂಪನಿಯ ಏಜೆಂಟರ ಪೋರ್ಟಲ್ಲು ನೋಡೋ ಕೆಲಸ ನನಗೆ ಬಂದಿತ್ತು. ಹೆಸರು ಬೇಡ. ಏಜೆಂಟರೆಲ್ಲ ತೀರ್ಥಹಳ್ಳಿ, ಕೊಪ್ಪ, ಸಿದ್ದಾಪುರದ ಕಡೆಯವರು. ಸಿಗ್ನಲ್ ಒಂದು ಗುಡ್ಡ ಹತ್ತಿದರೆ ಬರುತ್ತೆ, ಇಳಿದರೆ ಹೋಗುತ್ತೆ. "ಎಚ್‌ಟಿಟಿಪಿಎಸ್ ಮಾಡಿದ ಮೇಲೆ ಆ್ಯಪ್ ಸ್ಲೋ ಆಗಿದೆ, ತೆಗೆದುಬಿಡಿ" ಅಂತ ಅಲ್ಲಿಂದ ದೂರು. ನೋಡಿದರೆ ಎಚ್‌ಟಿಟಿಪಿಎಸ್ ಜೊತೆಗೇ ಯಾರೋ ಎಲ್ಲ ಫೈಲಿಗೂ ನೋ-ಸ್ಟೋರ್ ಅಂಟಿಸಿದ್ದರು. ಬೈಗುಳ ಮಾತ್ರ ಬೀಗಕ್ಕೆ.

ಲೆಕ್ಕ ಹಾಕಿ. ಚಿತ್ರ, ಫಾಂಟು, ಸ್ಕ್ರಿಪ್ಟು ಸೇರಿ 2 ಎಂಬಿ ಅಂತಿಟ್ಕೊಳ್ಳಿ, ಈಗಿನ ಕಾಲಕ್ಕೆ ಅದು ಸಣ್ಣದೇ. ದಿನಕ್ಕೆ ಐದು ಸಲ ತೆರೆದರೆ 10 ಎಂಬಿ. ತಿಂಗಳಿಗೆ 300 ಎಂಬಿ. ಸರಿಯಾಗಿ ಕ್ಯಾಶ್ ಮಾಡಿದ್ದರೆ ಮೊದಲ ದಿನದ 2 ಎಂಬಿ, ಆಮೇಲೆ ಹೆಚ್ಚೂಕಡಿಮೆ ಏನೂ ಇಲ್ಲ. ಆ 300 ಎಂಬಿಯಲ್ಲಿ ಗುಟ್ಟಿನದು ಒಂದಕ್ಷರವಿಲ್ಲ. ಕಂಪನಿಯ ಲೋಗೋ, ಒಂದಿಷ್ಟು ಐಕಾನು, ಕನ್ನಡದ ಫಾಂಟು. ಕನ್ನಡದ ಫಾಂಟು ಇಂಗ್ಲಿಷಿನದಕ್ಕಿಂತ ದೊಡ್ಡದಿರುತ್ತೆ, ಗುಣಿತಾಕ್ಷರ, ಒತ್ತಕ್ಷರ ಎಲ್ಲ ತುಂಬಬೇಕಲ್ಲ. ಕಾರದ ಒತ್ತು ನಿನ್ನೆಯಿಂದ ಇವತ್ತಿಗೆ ಬದಲಾಗಿದೆಯಾ? ಬದಲಾಗದ ಒತ್ತನ್ನ ಬಡಪಾಯಿ ಏಜೆಂಟನ ಫೋನು ದಿನಕ್ಕೆ ಐದು ಸಲ ಗುಡ್ಡ ಹತ್ತಿ ಹೊತ್ತು ತರ್ತಿತ್ತು.

ಭಯಕ್ಕೆ ಕಾರಣವೇ ಇಲ್ಲ ಅಂತ ನಾನು ಹೇಳ್ತಿಲ್ಲ. 2015ರ ಕ್ರಿಸ್‌ಮಸ್ ದಿನ ಸ್ಟೀಮ್ ಅನ್ನೋ ಗೇಮಿಂಗ್ ಅಂಗಡಿಯಲ್ಲಿ ಕ್ಯಾಶಿನ ನಿಯಮ ತಪ್ಪಿ ಒಬ್ಬರ ಅಕೌಂಟಿನ ಪುಟ ಇನ್ನೊಬ್ಬರಿಗೆ ಕಾಣಿಸಿತು. ಸುಮಾರು 34,000 ಜನರ ಮಾಹಿತಿ ಹೀಗೆ ಬಯಲಾಯಿತು ಅಂತ ಕಂಪನಿಯೇ ಹೇಳಿತು. ನಿಮ್ಮ ಬ್ಯಾಂಕ್ ಬ್ಯಾಲೆನ್ಸಿನ ಪುಟ, ಆಸ್ಪತ್ರೆಯ ರಿಪೋರ್ಟು ಇವಕ್ಕೆಲ್ಲ ನೋ-ಸ್ಟೋರ್ ಹಾಕಲೇಬೇಕು. ಬ್ರೌಸಿಂಗ್ ಸೆಂಟರಿನಲ್ಲಿ ನೀವು ಎದ್ದುಹೋದ ಮೇಲೆ ಮುಂದಿನವನು ಬ್ಯಾಕ್ ಬಟನ್ ಒತ್ತಬಹುದು. ಆದ್ರೆ ಗುಟ್ಟಿನ ಪುಟ ಯಾವುದು, ಎಲ್ಲರಿಗೂ ಒಂದೇ ಆಗಿರೋ ಫೈಲು ಯಾವುದು ಅಂತ ಬೇರ್ಪಡಿಸೋದು ಎಂಜಿನಿಯರ ಕೆಲಸ. ಬೀರುವಿಗೆ ಬೀಗ ಹಾಕೋ ಬದಲು ಬಚ್ಚಲುಮನೆ ಬಕೆಟ್ಟಿಗೂ ಬೀಗ ಹಾಕಿದರೆ ಅದನ್ನ ಭದ್ರತೆ ಅನ್ನಲ್ಲ, ಸೋಮಾರಿತನ ಅಂತಾರೆ.

ಬೇರ್ಪಡಿಸೋದೇನು ಮಹಾ ಕಷ್ಟವೂ ಅಲ್ಲ. ಫೈಲಿನ ಹೆಸರಿಗೆ, ಅದರೊಳಗಿನ ವಿಷಯದಿಂದಲೇ ಹುಟ್ಟಿದ ಒಂದು ಗುರುತು ಸೇರಿಸಿ. ಒಂದು ಅಕ್ಷರ ಬದಲಾದರೂ ಹೆಸರು ಬದಲಾಗುತ್ತೆ. ಈಗಿನ ಬಿಲ್ಡ್ ಟೂಲುಗಳೆಲ್ಲ ಇದನ್ನ ಮಾಡ್ತವೆ. ಅಂಥ ಫೈಲಿಗೆ ಮ್ಯಾಕ್ಸ್-ಏಜ್ 31536000 ಕೊಡಿ, ಸೆಕೆಂಡಿನ ಲೆಕ್ಕದಲ್ಲಿ ಒಂದು ವರ್ಷ. ಜೊತೆಗೆ 'ಇಮ್ಮ್ಯೂಟಬಲ್' ಅಂತ ಸೇರಿಸಿ. 2017ರಲ್ಲೇ ಇದು ಅಧಿಕೃತ ಆರ್‌ಎಫ್‌ಸಿ ಆಗಿದೆ. ಇದಿದ್ದರೆ, ಅದನ್ನ ಅರಿತ ಬ್ರೌಸರು ಪುಟ ರಿಫ್ರೆಶ್ ಮಾಡಿದಾಗಲೂ "ಬದಲಾಗಿದೆಯಾ?" ಅಂತ ಸರ್ವರನ್ನ ಕೇಳಲ್ಲ. ಇವನ್ನೆಲ್ಲ ಕರೆಯೋ ಮುಖ್ಯ ಎಚ್‌ಟಿಎಂಎಲ್ ಪುಟಕ್ಕೆ ಮಾತ್ರ ನೋ-ಕ್ಯಾಶ್. ಮೇಲೆ ಹೇಳಿದ ಪೋರ್ಟಲ್ಲಿನಲ್ಲಿ ಇದಿಷ್ಟಕ್ಕೆ ಹಿಡಿದದ್ದು ಒಂದು ಮಧ್ಯಾಹ್ನ.

ಇನ್ನು ವೇಗದ ಮಾತು. ಇದನ್ನ ಬೇಗ ಮುಗಿಸ್ತೀನಿ, ಯಾಕಂದ್ರೆ ವಾದವೇ ಉಳಿದಿಲ್ಲ. ಎಚ್‌ಟಿಟಿಪಿ/2 ಬ್ರೌಸರುಗಳಲ್ಲಿ ಓಡೋದು ಎಚ್‌ಟಿಟಿಪಿಎಸ್ ಮೇಲೆ ಮಾತ್ರ. ಫೈಲನ್ನ ಇನ್ನೂ ಚಿಕ್ಕದಾಗಿ ಮಡಚೋ ಬ್ರಾಟ್ಲಿ ಕಂಪ್ರೆಷನ್ನೂ ಹಾಗೇ. ನೆಟ್ ಇಲ್ಲದಾಗಲೂ ಸೈಟು ತೆರೆಯೋ ಹಾಗೆ ಮಾಡೋ ಸರ್ವಿಸ್ ವರ್ಕರ್, ಅಂದ್ರೆ ಬ್ರೌಸರು ನಮ್ಮ ಕೈಗೆ ಕೊಟ್ಟಿರೋ ಅತಿ ಬಲವಾದ ಕ್ಯಾಶಿಂಗ್ ಸಾಧನ, ಅದೂ ಎಚ್‌ಟಿಟಿಪಿಎಸ್ ಸೈಟಿಗೆ ಮಾತ್ರ ಸಿಗುತ್ತೆ. 2018ರ ಟಿಎಲ್‌ಎಸ್ 1.3 ಆರಂಭದ ಪರಿಚಯದ ಮಾತುಕತೆಯನ್ನ ಒಂದೇ ಸುತ್ತಿಗೆ ಇಳಿಸಿತು. ಸರ್ಟಿಫಿಕೇಟು ದುಬಾರಿ ಅನ್ನೋ ಹಾಗೂ ಇಲ್ಲ, ಲೆಟ್ಸ್ ಎನ್‌ಕ್ರಿಪ್ಟ್ 2015ರ ಡಿಸೆಂಬರಿನಿಂದ ಎಲ್ಲರಿಗೂ ಬಿಟ್ಟಿ ಕೊಡ್ತಿದೆ. ಬೀಗ ತೆಗೆದು ವೇಗ ಪಡೀತೀನಿ ಅನ್ನೋನು ಚಕ್ರ ಬಿಚ್ಚಿ ಗಾಡಿ ಹಗುರ ಮಾಡಿದ ಹಾಗೆ.

ನನ್ನ ವಾದಕ್ಕೆ ನಿಜವಾಗಿ ಚುಚ್ಚೋ ಪ್ರಶ್ನೆ ಒಂದಿದೆ. ಅದನ್ನ ಮುಚ್ಚಿಡೋಕೆ ಹೋಗಲ್ಲ. ಎಚ್‌ಟಿಟಿಪಿಎಸ್ ಬ್ರೌಸರಿನ ಡಬ್ಬಿಯನ್ನ ಮುಟ್ಟಲಿಲ್ಲ, ನಿಜ. ಆದ್ರೆ ಊರಿನ ಡಬ್ಬಿಯನ್ನ ಮುಚ್ಚಿಸಿತು. ಹಿಂದೆ ಒಂದು ಶಾಲೆ, ಒಂದು ಕಾಲೇಜು, ಒಂದು ಸಣ್ಣ ಐಎಸ್‌ಪಿ ನಡುವೆ ಒಂದು ಪ್ರಾಕ್ಸಿ ಇಟ್ಟುಕೊಂಡು, ಒಬ್ಬರು ತರಿಸಿದ ಫೈಲನ್ನೇ ನಲವತ್ತು ಜನಕ್ಕೆ ಹಂಚಬಹುದಿತ್ತು. ಸೀಲು ಹಾಕಿದ ಮೇಲೆ ನಡುವಿನವರಿಗೆ ಒಳಗೇನಿದೆ ಅಂತಲೇ ಗೊತ್ತಾಗಲ್ಲ, ಹಂಚೋದೆಲ್ಲಿ? ವೆಬ್ ವಿನ್ಯಾಸದ ಬಗ್ಗೆ ದಶಕಗಳಿಂದ ಬರೀತಿರೋ ಎರಿಕ್ ಮೇಯರ್ 2018ರಲ್ಲಿ ಉಗಾಂಡಾದ ಹಳ್ಳಿಯೊಂದರ ಶಾಲೆಗೆ ಹೋಗಿ ಬಂದು ಇದನ್ನೇ ಬರೆದರು. ಅಲ್ಲಿ ನೆಟ್ ಬರೋದು ಉಪಗ್ರಹದಿಂದ. ಉಪಗ್ರಹ ಇರೋದು ಸುಮಾರು 36,000 ಕಿ.ಮೀ. ಮೇಲೆ, ಒಂದು ಕೋರಿಕೆ ಹೋಗಿ ಉತ್ತರ ಬರೋಕೇ ಅರ್ಧ ಸೆಕೆಂಡು ಬೇಕು. ಅಲ್ಲಿ ನಡುವಿನ ಕ್ಯಾಶ್ ಅನ್ನೋದು ಐಷಾರಾಮವಲ್ಲ.

ಸೀಲು ಬೇಡ, ಸಹಿ ಸಾಕು ಅನ್ನೋ ವಾದವೂ ಇದೆ, ಅದು ಪೊಳ್ಳಲ್ಲ. ಡೆಬಿಯನ್, ಉಬುಂಟುಗಳ ಆ್ಯಪ್ಟ್ ವರ್ಷಗಳಿಂದ ಸಾಫ್ಟ್‌ವೇರ್ ಪ್ಯಾಕೇಜುಗಳನ್ನ ಸಾದಾ ಎಚ್‌ಟಿಟಿಪಿಯಲ್ಲೇ ತರಿಸ್ತಿತ್ತು. ಪ್ಯಾಕೇಜಿಗೆ ಡಿಜಿಟಲ್ ಸಹಿ ಇರುತ್ತೆ, ಯಾರು ಹಂಚಿದರೂ ಪರೀಕ್ಷಿಸಬಹುದು, ನಡುವೆ ಎಷ್ಟು ಕ್ಯಾಶ್ ಬೇಕಾದರೂ ಇಡಬಹುದು. ಚೆಂದದ ವ್ಯವಸ್ಥೆ. ಆದ್ರೆ 2019ರ ಜನವರಿಯಲ್ಲಿ ಮ್ಯಾಕ್ಸ್ ಜಸ್ಟಿಕ್ಸ್ ಅನ್ನೋ ಸಂಶೋಧಕ ಅದೇ ಆ್ಯಪ್ಟಿನಲ್ಲಿ ಒಂದು ತೂತು ತೋರಿಸಿದ. ದಾರಿಯಲ್ಲಿ ಕೂತವನು ಸಹಿಯ ಪರೀಕ್ಷೆಯನ್ನೇ ವಂಚಿಸಿ ನಿಮ್ಮ ಯಂತ್ರದಲ್ಲಿ ರೂಟ್ ಅಧಿಕಾರದಿಂದ ತನ್ನ ಕೋಡ್ ಓಡಿಸಬಹುದಿತ್ತು. ಎಚ್‌ಟಿಟಿಪಿಎಸ್ ಇದ್ದಿದ್ದರೆ ದಾರಿಯಲ್ಲಿ ಕೂತವನಿಗೆ ಆ ತೂತು ಮುಟ್ಟೋ ಅವಕಾಶವೇ ಇರ್ತಿರಲಿಲ್ಲ.

ಹಾಗಂತ ಉಗಾಂಡಾದ ಶಾಲೆಗೆ ನನ್ನ ಉತ್ತರ "ಅಡ್ಜಸ್ಟ್ ಮಾಡ್ಕೊಳ್ಳಿ" ಅಂತಲ್ಲ. ಅಂಥ ಕಡೆ ಕಿವಿಕ್ಸ್ ಥರದ ಸಾಧನದಲ್ಲಿ ಇಡೀ ವಿಕಿಪೀಡಿಯವನ್ನೇ, ಕನ್ನಡದ್ದೂ ಸಿಗುತ್ತೆ, ಒಂದು ಫೈಲಾಗಿ ತಂದು ಶಾಲೆಯೊಳಗೇ ಇಡಬಹುದು. ಅದೂ ಪೂರ್ತಿ ಪರಿಹಾರವಲ್ಲ. ನಡುವಿನವನ ಕೈಯಿಂದ ಕಿತ್ತುಕೊಂಡ ಕೆಲಸ ಈಗ ಸೈಟು ಕಟ್ಟೋ ನಮ್ಮ ತಲೆ ಮೇಲಿದೆ. ಪುಟವನ್ನ ಹಗುರ ಮಾಡಬೇಕಾದವರು ನಾವು, ಚೀಟಿಯನ್ನ ಸರಿಯಾಗಿ ಬರೀಬೇಕಾದವರೂ ನಾವೇ. ಸೀಲೂ ಹಾಕಿ, ನೋ-ಸ್ಟೋರೂ ಹಾಕಿ, 2 ಎಂಬಿಯ ಸ್ಲೈಡರ್ ಬೇರೆ ಇಟ್ಟರೆ ಆ ಮಕ್ಕಳಿಗೆ ನಾವು ಎರಡು ಸಲ ಮೋಸ ಮಾಡಿದ ಹಾಗೆ.

ಮತ್ತೆ "ಜೆಕ್ವೆರಿಯನ್ನ ಎಲ್ಲರೂ ಬಳಸೋ ಸಿಡಿಎನ್‌ನಿಂದ ಎಳೀರಿ, ಬೇರೆ ಸೈಟಿನಲ್ಲಿ ಆಗಲೇ ಕ್ಯಾಶ್ ಆಗಿರುತ್ತೆ" ಅನ್ನೋ ಹಳೇ ಉಪದೇಶ ದಯವಿಟ್ಟು ತರಬೇಡಿ. ಕ್ರೋಮ್ 2020ರಿಂದ, ಫೈರ್‌ಫಾಕ್ಸ್ 2021ರಿಂದ ಪ್ರತಿ ಸೈಟಿಗೂ ಬೇರೆ ಬೇರೆ ಡಬ್ಬಿ ಇಡ್ತಿವೆ, ಸಫಾರಿ ಇನ್ನೂ ಮುಂಚಿನಿಂದ. ಇನ್ನೊಬ್ಬರ ಮನೆಯ ಸಾಸಿವೆ ನಿಮಗೆ ಸಿಗಲ್ಲ. ಸಿಗೋದು ಅಪಾಯ ಮಾತ್ರ. ಪಾಲಿಫಿಲ್ ಡಾಟ್ ಐಒ ಹೊಸ ಯಜಮಾನರ ಕೈಗೆ ಹೋಗಿ, 2024ರ ಜೂನಿನಲ್ಲಿ ಅದನ್ನ ನಂಬಿದ್ದ ಒಂದು ಲಕ್ಷಕ್ಕೂ ಹೆಚ್ಚು ಸೈಟುಗಳಿಗೆ ಕೆಟ್ಟ ಸ್ಕ್ರಿಪ್ಟ್ ಹೋಗ್ತಿದ್ದದ್ದು ಬಯಲಾಯಿತಲ್ಲ, ಅಲ್ಲಿ ಸೀಲು ಇದ್ದರೂ ಪ್ರಯೋಜನವಾಗಲಿಲ್ಲ. ಅಂಗಡಿಯವನೇ ಬದಲಾಗಿದ್ದ. ನಿಮ್ಮ ಫೈಲು ನಿಮ್ಮ ಸರ್ವರಿನಲ್ಲೇ ಇರಲಿ. ಹೊರಗಿಂದ ತರಲೇಬೇಕಾದರೆ ಇಂಟೆಗ್ರಿಟಿ ಗುರುತು ಬರೆದು ತನ್ನಿ.

ಸೋಮವಾರ ಆಫೀಸಿಗೆ ಹೋದಾಗ ನಿಮ್ಮದೇ ಸೈಟು ತೆರೆದು ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬಿಗೆ ಹೋಗಿ. 'ಡಿಸೇಬಲ್ ಕ್ಯಾಶ್' ಟಿಕ್ ಆಗಿದ್ದರೆ ತೆಗೀರಿ, ನಮ್ಮವರೆಲ್ಲ ಅದನ್ನ ಹಾಕೇ ಇಟ್ಟಿರ್ತಾರೆ. ಇನ್ನೊಂದು ಪುಟಕ್ಕೆ ಹೋಗಿ ವಾಪಸ್ ಬನ್ನಿ. ಫಾಂಟಿನ ಸಾಲಿನಲ್ಲಿ 'ಡಿಸ್ಕ್ ಕ್ಯಾಶ್' ಅಥವಾ 'ಮೆಮೊರಿ ಕ್ಯಾಶ್' ಅಂತ ಬರದೆ ಮತ್ತೆ ಕೆಬಿಗಳ ಲೆಕ್ಕ ಬಂದರೆ, ಹೆಡರಿನಲ್ಲಿ ನೋ-ಸ್ಟೋರ್ ಇದೆಯಾ ನೋಡಿ. ತೆಗೆಯೋಕೆ ಹೋದಾಗ ಆಡಿಟ್‌ನವರು ಒಪ್ಪಲ್ಲ ಅಂತ ಯಾರಾದರೂ ಹೆದರಿಸ್ತಾರೆ. ಆ ರಿಪೋರ್ಟ್ ತರಿಸಿ, ಆ ಸಾಲಿನ ಮುಂದೆ ತೀವ್ರತೆ ಏನು ಬರೆದಿದೆ ಅಂತ ಓದಿ ತೋರಿಸಿ. ಆಡಿಟ್‌ನವರಿಗೇ ನೇರ ಫೋನ್ ಮಾಡಿ ಕೇಳಿ. ನಾನು ಮೂರು ಕಡೆ ಕೇಳಿದ್ದೀನಿ. ಮೂರೂ ಕಡೆ "ಫಾಂಟಿಗೆ ಹಾಕಿ ಅಂತ ನಾವೆಲ್ಲಿ ಹೇಳಿದ್ವಿ?" ಅಂದರು.